ನೊಂದವರ ನುಡಿ ಮತ್ತು ಸಂಶಯದ ಭಾಷೆ

ಅನ್ಯಾಯಕ್ಕೆ ಒಳಗಾದೆನೆಂದು ಹೇಳಿಕೊಂಡು ಪೊಲೀಸ್ ಠಾಣೆಗೋ ನ್ಯಾಯಾಲಯಕ್ಕೋ ಬಂದವರ ಮಾತನ್ನು ಸಮಾಜವು ಸುಲಭವಾಗಿ ನಂಬುವುದಿಲ್ಲ. ನಡೆದುದೇನು ಎಂಬ ಪ್ರಶ್ನೆಗಿಂತ ಮೊದಲೇ ಹೇಳುತ್ತಿರುವವರು ಯಾರು, ಇಷ್ಟು ದಿನ ಏಕೆ ಸುಮ್ಮನಿದ್ದರು, ಇದರಿಂದ ಅವರಿಗೇನು ಲಾಭ ಎಂಬ ಪ್ರಶ್ನೆಗಳು ಏಳುತ್ತವೆ. ಈ ಸಂಶಯವನ್ನು ಕೇವಲ ಜನರ ಕ್ರೌರ್ಯವೆಂದು ತಳ್ಳಿಹಾಕಲಾಗದು. ಆರೋಪವನ್ನು ಪರೀಕ್ಷಿಸದೆ ಒಪ್ಪುವ ವ್ಯವಸ್ಥೆಯಲ್ಲಿ ನಿರಪರಾಧಿಗೆ ರಕ್ಷಣೆಯಿರುವುದಿಲ್ಲ. ಆದರೆ ಮಾತನ್ನು ಪರೀಕ್ಷಿಸುವ ಸಂಶಯ ಬೇರೆ, ಮಾತನಾಡುವವರನ್ನೇ ತೀರ್ಮಾನಿಸಿಬಿಡುವ ಸಂಶಯ ಬೇರೆ. ಮೊದಲನೆಯದು ಘಟನೆಯನ್ನು ಕುರಿತದ್ದು. ಎರಡನೆಯದು ವ್ಯಕ್ತಿಯ ಲಿಂಗ, ಜಾತಿ, ಬಡತನ ಮತ್ತು ನಡತೆಯನ್ನು ಕುರಿತದ್ದು. ಇವೆರಡೂ ಒಂದೇ ಭಾಷೆಯಲ್ಲಿ ವ್ಯಕ್ತವಾಗುವುದರಿಂದ ಎರಡನೆಯದು ಮೊದಲನೆಯದರ ವೇಷದಲ್ಲಿ ಚಲಾವಣೆಗೊಳ್ಳುತ್ತದೆ. ಈ ವೇಷಾಂತರವು ಕನ್ನಡದ ಶಬ್ದಗಳಲ್ಲಿ, ಪುರಾಣ ಕಥನಗಳಲ್ಲಿ, ನ್ಯಾಯಾಲಯದ ಬರವಣಿಗೆಯಲ್ಲಿ ಹಾಗೂ ಇತ್ತೀಚಿನ ದಶಕಗಳ ತೀರ್ಪುಗಳಲ್ಲಿ ಹೇಗೆ ನಡೆದಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಶಬ್ದಗಳ ಸಾಕ್ಷ್ಯ

ಕನ್ನಡದಲ್ಲಿ ಅನ್ಯಾಯವನ್ನು ಅಧಿಕಾರದ ಮುಂದಿಡುವ ಕ್ರಿಯೆಗೆ ಹಲವು ಪದಗಳಿವೆ. ‘ಮೊರೆ’ ಎಂಬುದು ಕೂಗು. ‘ಫಿರ್ಯಾದು’ ಪಾರಸಿಯಿಂದ ಬಂದದ್ದು. ಅಲ್ಲಿಯೂ ಅದರ ಮೂಲಾರ್ಥ ನೆರವಿಗಾಗಿ ಇಡುವ ಕೂಗೇ ಆಗಿದೆ. ‘ಅಹವಾಲು’ ಅರಬ್ಬಿ ಮೂಲದ ಪದ. ಇರುವ ಸ್ಥಿತಿಗತಿಗಳು ಎಂಬುದು ಅದರ ಅರ್ಥ. ಈ ಮೂರರಲ್ಲಿಯೂ ಹೇಳುವವರ ಸಂಕಟವೇ ಮುಂದಿದೆ. ಆದರೆ ಇಂದು ಅತ್ಯಂತ ಬಳಕೆಯಲ್ಲಿರುವ ‘ದೂರು’ ಎಂಬ ಪದದ ಸ್ವಭಾವ ಬೇರೆ. ದೂರುವುದೆಂದರೆ ನಿಂದಿಸುವುದು, ತಪ್ಪು ಹೊರಿಸುವುದು ಎಂಬ ಅರ್ಥ ಹಳಗನ್ನಡದಿಂದಲೂ ಉಳಿದುಬಂದಿದೆ. ‘ಅವರನ್ನು ದೂರಿ ಫಲವೇನು’ ಎಂಬ ದಿನಬಳಕೆಯ ಮಾತಿನಲ್ಲಿ ದೂರುವವರ ಬಗೆಗೆ ಸಣ್ಣದೊಂದು ಅಸಮ್ಮತಿ ಸೇರಿಕೊಂಡಿರುತ್ತದೆ. ಹೀಗೆ ಕೂಗು ದೂರಾಗುವ ಹಂತದಲ್ಲಿಯೇ ಗಮನವು ನೊಂದವರ ಸ್ಥಿತಿಯಿಂದ ಅವರ ಉದ್ದೇಶದ ಕಡೆಗೆ ಜಾರುತ್ತದೆ.

ನೊಂದವರನ್ನು ಹೆಸರಿಸುವ ಪದಗಳೂ ಗಮನಾರ್ಹ. ‘ಬಲಿಪಶು’ ಎಂಬ ಪದವು ವ್ಯಕ್ತಿಯಿಂದ ಮಾತನ್ನೇ ಕಸಿದುಕೊಳ್ಳುತ್ತದೆ; ಬಲಿಗೆ ಒಯ್ದ ಪಶು ಸಾಕ್ಷಿ ನುಡಿಯುವುದಿಲ್ಲ. ಪತ್ರಿಕೆಗಳಲ್ಲಿ ರೂಢವಾದ ‘ಸಂತ್ರಸ್ತ’, ‘ಸಂತ್ರಸ್ತೆ’ ಎಂಬ ಪದಗಳಿಗೆ ಹೆದರಿದವರು ಎಂಬುದು ಮೂಲಾರ್ಥ. ನೆರೆ ಸಂತ್ರಸ್ತರು, ಮುಳುಗಡೆ ಸಂತ್ರಸ್ತರು ಎಂಬ ಬಳಕೆಯ ಬೆನ್ನಿಗೇ ‘ನಕಲಿ ಸಂತ್ರಸ್ತರು’ ಎಂಬ ಬಳಕೆಯೂ ಹುಟ್ಟಿಕೊಂಡಿದೆ. ಪರಿಹಾರವು ಪಟ್ಟಿಯೊಂದರ ಮೂಲಕ ದೊರೆಯುವಾಗ, ಪಟ್ಟಿಯಲ್ಲಿ ಸೇರಲು ನೋವನ್ನು ಸಾಬೀತುಪಡಿಸಬೇಕಾಗುತ್ತದೆ. ಸಾಬೀತುಪಡಿಸಲು ಹೊರಟವರ ಮೇಲೆ ಲಾಭದ ಆಸೆಯ ಆರೋಪ ಬರುತ್ತದೆ. ಸಂತ್ರಸ್ತರು ಎಂಬ ಹೆಸರೇ ನಿರಂತರ ಭಯವನ್ನು ನಿರೀಕ್ಷಿಸುವಂತೆ ಮಾಡುವುದರಿಂದ, ಧೈರ್ಯವಾಗಿ ಮಾತನಾಡುವ, ನಗುವ, ಮರುದಿನ ಕೆಲಸಕ್ಕೆ ಹೋಗುವ ವ್ಯಕ್ತಿ ಆ ಹೆಸರಿಗೆ ತಕ್ಕವರಲ್ಲವೆಂದು ತೋರತೊಡಗುತ್ತದೆ.

ಗಾದೆಗಳಲ್ಲಿಯೂ ಸಂಶಯದ ಎರಡು ಬಗೆಗಳಿವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಕೇಳುವವರಿಗೆ ನೀಡಿದ ಎಚ್ಚರ. ಅದು ತನ್ನ ಕಣ್ಣನ್ನೂ ಪರೀಕ್ಷೆಗೆ ಒಡ್ಡುತ್ತದೆ. ‘ಒಂದೇ ಕೈಯಲ್ಲಿ ಚಪ್ಪಾಳೆಯಾಗದು’ ಎಂಬುದು ಪರೀಕ್ಷೆಯನ್ನೇ ಬೇಡವೆನ್ನುತ್ತದೆ. ತಪ್ಪು ಇಬ್ಬರದೂ ಇರಲೇಬೇಕೆಂದು ವಿಚಾರಣೆಗೆ ಮೊದಲೇ ಹಂಚಿಬಿಡುತ್ತದೆ. ಜಗಳಕ್ಕೆ ಹೊಂದಬಹುದಾದ ಈ ಮಾತನ್ನು ದೌರ್ಜನ್ಯಕ್ಕೂ ಅನ್ವಯಿಸಿದಾಗ ಪೆಟ್ಟು ತಿಂದವರು ಪೆಟ್ಟಿನ ಪಾಲುದಾರರಾಗುತ್ತಾರೆ.

2. ಸಭೆಯ ಮುಂದೆ ನಿಂತ ಇಬ್ಬರು

ಅರಸನ ಸಭೆಯಲ್ಲಿ ನ್ಯಾಯ ಕೇಳಿ ನಿಂತ ಹೆಣ್ಣಿನ ಎರಡು ಕಥನಗಳು ಕನ್ನಡ ಓದುಗರಿಗೆ ಚಿರಪರಿಚಿತ. ಮೊದಲನೆಯದು ಶಕುಂತಲೆಯದು. ಕಾಳಿದಾಸನ ನಾಟಕದಲ್ಲಿ ದುಷ್ಯಂತನ ಮರೆವಿಗೆ ಶಾಪ ಕಾರಣ; ಉಂಗುರ ಕಳೆದುಹೋದುದರಿಂದ ಶಕುಂತಲೆಯ ಮಾತು ಆಧಾರವಿಲ್ಲದ್ದಾಗುತ್ತದೆ. ಬಸವಪ್ಪ ಶಾಸ್ತ್ರಿಗಳ ಅನುವಾದದ ಮೂಲಕ ಕನ್ನಡ ರಂಗಭೂಮಿಯಲ್ಲಿ ನೆಲೆಗೊಂಡದ್ದು ಈ ಶಾಕುಂತಲವೇ. ಆದರೆ ವ್ಯಾಸಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅರಸನಿಗೆ ಎಲ್ಲವೂ ನೆನಪಿದೆ. ಆದರೂ ಹೆಂಗಸರು ಸುಳ್ಳಾಡುವವರೆಂದು ಅವಳನ್ನು ನಿರಾಕರಿಸುತ್ತಾನೆ. ಅಶರೀರವಾಣಿಯಾದ ಮೇಲೆ ಅವನು ಕೊಡುವ ವಿವರಣೆ ಮುಖ್ಯವಾದುದು: ಅವಳ ಮಾತೊಂದರಿಂದಲೇ ಒಪ್ಪಿಕೊಂಡಿದ್ದರೆ ಜನ ಸಂಶಯಪಡುತ್ತಿದ್ದರು. ಇಲ್ಲಿ ಸಂಶಯವು ಸತ್ಯವನ್ನು ತಿಳಿಯುವ ಮಾರ್ಗವಾಗಿಲ್ಲ. ಸತ್ಯವನ್ನು ಬಲ್ಲವನು ಜನರ ಸಂಶಯವನ್ನು ಮುಂದಿಟ್ಟು ತನ್ನ ಹೊಣೆಯಿಂದ ಹಿಂದೆ ಸರಿದಿದ್ದಾನೆ.

ಎರಡನೆಯದು ವಿರಾಟಪರ್ವದ ಸೈರಂಧ್ರಿಯದು. ಕೀಚಕನು ಅವಳನ್ನು ಅಟ್ಟಿಸಿಕೊಂಡು ಬಂದು ಅರಸನ ಕಣ್ಣೆದುರಿಗೇ ಒದೆಯುತ್ತಾನೆ. ಅವಳು ಸಭೆಯನ್ನು ಪ್ರಶ್ನಿಸಿದಾಗ ವ್ಯಾಸಭಾರತದ ವಿರಾಟನು, ತನ್ನ ಕಣ್ಮರೆಯಲ್ಲಿ ನಡೆದ ನಿಮ್ಮಿಬ್ಬರ ಜಗಳದ ನಿಜಾಂಶ ತನಗೆ ತಿಳಿಯದೆಂಬ ಅರ್ಥದ ಉತ್ತರ ಕೊಡುತ್ತಾನೆ. ಒದೆತ ಕಣ್ಣಿಗೆ ಕಂಡಿದೆ. ಅರಸನು ಅದನ್ನು ಬಿಟ್ಟು, ಕಾಣದ ಹಿನ್ನೆಲೆಯನ್ನು ವಿಚಾರದ ವಸ್ತುವಾಗಿಸುತ್ತಾನೆ. ಕೀಚಕನು ರಾಣಿಯ ತಮ್ಮ ಮತ್ತು ಸೇನೆಯ ಬಲ. ಸೈರಂಧ್ರಿ ಊರು ಬಲ್ಲದ ಕೆಲಸದಾಕೆ. ‘ಪೂರ್ವಾಪರ ತಿಳಿಯದೆ ಹೇಗೆ ಹೇಳುವುದು’ ಎಂಬ ತಟಸ್ಥ ಮಾತು ಅಧಿಕಾರದ ಅಸಮತೆಯನ್ನು ಮರೆಮಾಡುತ್ತದೆ. ಕುಮಾರವ್ಯಾಸನ ವಿರಾಟಪರ್ವದಲ್ಲಿಯೂ ದ್ರೌಪದಿಗೆ ನ್ಯಾಯ ದೊರೆಯುವುದು ಸಭೆಯಲ್ಲಲ್ಲ, ಭೀಮನ ಅಡುಗೆಮನೆಗೆ ಹೋದ ಮೇಲೆ. ಸಭೆ ಕೇಳದಿದ್ದಾಗ ನ್ಯಾಯವು ಕತ್ತಲಿನ ಕೊಲೆಯಾಗುತ್ತದೆ ಎಂಬುದು ಈ ಕಥನದ ಒಳದನಿ.

3. ದೇಸಾಯಿಗಂಜಿನಿಂದ ದೆಹಲಿಗೆ

ಪುರಾಣದ ಸಭೆಗಳಲ್ಲಿ ಕಂಡ ಈ ತರ್ಕವು ಆಧುನಿಕ ನ್ಯಾಯಾಲಯದಲ್ಲಿ ಅತ್ಯಂತ ಸ್ಪಷ್ಟವಾಗಿ ಪ್ರಕಟವಾದುದು ‘ತುಕಾರಾಮ್ ಮತ್ತು ಮಹಾರಾಷ್ಟ್ರ ರಾಜ್ಯ’ ಪ್ರಕರಣದಲ್ಲಿ. 1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಗೆ ಆದಿವಾಸಿ ಬಾಲಕಿಯೊಬ್ಬಳನ್ನು ಕರೆಸಲಾಗಿತ್ತು. ತಂದೆತಾಯಿಗಳಿಲ್ಲದ, ಕೂಲಿ ಮಾಡಿ ಬದುಕುತ್ತಿದ್ದ ಅವಳ ವಯಸ್ಸು 14ರಿಂದ 16ರ ಒಳಗೆ ಎಂದು ಅಂದಾಜಿಸಲಾಯಿತು. ಅವಳ ಅಣ್ಣ ಕೊಟ್ಟ ಅಪಹರಣದ ದೂರಿನ ವಿಚಾರಣೆಗೆಂದು ಬಂದಿದ್ದವಳನ್ನು ಉಳಿದವರು ಹೊರಟ ಮೇಲೆ ಠಾಣೆಯಲ್ಲಿಯೇ ಉಳಿಸಿಕೊಳ್ಳಲಾಯಿತು. ಇಬ್ಬರು ಪೊಲೀಸರು ತನ್ನ ಮೇಲೆ ಲೈಂಗಿಕ ದೌರ್ಜನ್ಯವೆಸಗಿದರೆಂಬುದು ಅವಳ ಹೇಳಿಕೆ.

1974ರಲ್ಲಿ ಸೆಷನ್ಸ್ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿತು. ಅವಳು ಸುಳ್ಳುಗಾರ್ತಿಯೆಂದೂ ಲೈಂಗಿಕ ಸಂಪರ್ಕದ ಅಭ್ಯಾಸವಿದ್ದವಳೆಂದೂ ಹೇಳಿತು. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಈ ತೀರ್ಪನ್ನು ತಿರುಗಿಸಿ, ಭಯದಿಂದ ನಿರುಪಾಯವಾಗಿ ಮಣಿಯುವುದು ಸಮ್ಮತಿಯಲ್ಲ ಎಂಬ ಮುಖ್ಯವಾದ ಭೇದವನ್ನು ಗುರುತಿಸಿತು. 1978ರ ಸೆಪ್ಟೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಆರೋಪಿಗಳನ್ನು ಮತ್ತೆ ದೋಷಮುಕ್ತಗೊಳಿಸಿತು. ಮೈಮೇಲೆ ಗಾಯದ ಗುರುತಿಲ್ಲದಿರುವುದು ಮತ್ತು ಅವಳು ಕೂಗಿಕೊಳ್ಳದಿದ್ದುದು ಅದರ ತರ್ಕದ ಆಧಾರಗಳಾಗಿದ್ದವು.

ಮರುವರ್ಷ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಗಮ್‌ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅವರ ವಾದವು ಬಾಲಕಿಯ ಮಾತನ್ನು ಪರೀಕ್ಷೆಯಿಲ್ಲದೆ ನಂಬಬೇಕು ಎಂಬುದಾಗಿರಲಿಲ್ಲ. ರಾತ್ರಿಯ ಹೊತ್ತು, ಬೀಗ ಹಾಕಿದ ಠಾಣೆ, ಸಮವಸ್ತ್ರದ ಅಧಿಕಾರ, ಬಡ ಹುಡುಗಿ - ಇವೆಲ್ಲವೂ ಸಾಕ್ಷ್ಯದ ಭಾಗವಲ್ಲವೆ ಎಂಬುದು ಅವರ ಪ್ರಶ್ನೆಯ ತಿರುಳು. ಗಾಯವನ್ನು ಹುಡುಕಿದ ಸಂಶಯ ಆ ಸ್ಥಳದ ಅಧಿಕಾರವನ್ನು ನೋಡಲಿಲ್ಲ. ಈ ಪತ್ರದ ಹಿನ್ನೆಲೆಯಲ್ಲಿ ರೂಪುಗೊಂಡ ಮಹಿಳಾ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 114ಎ ಪ್ರಕರಣದಂತೆ, ಅಧಿಕಾರಸ್ಥರ ವಶದಲ್ಲಿ ನಡೆದ ಅತ್ಯಾಚಾರದಂತಹ ಸಂದರ್ಭಗಳಲ್ಲಿ ಸಂಪರ್ಕ ರುಜುವಾತಾಗಿ, ಸಮ್ಮತಿಯಿರಲಿಲ್ಲವೆಂದು ಮಹಿಳೆ ನುಡಿದರೆ ನ್ಯಾಯಾಲಯ ಹಾಗೆಂದೇ ಭಾವಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 120ನೆಯ ಪ್ರಕರಣದಲ್ಲಿಯೂ ಈ ತತ್ವ ಮುಂದುವರಿದಿದೆ. ನೊಂದವರ ಗುರುತನ್ನು ಪ್ರಕಟಿಸುವುದನ್ನು ಅಪರಾಧವಾಗಿಸಿದ್ದೂ 1983ರ ತಿದ್ದುಪಡಿಯೇ. ಆ ವೇಳೆಗಾಗಲೇ ಬಾಲಕಿಯ ಹೆಸರೇ ಪ್ರಕರಣದ ಹೆಸರಾಗಿ ದೇಶವೆಲ್ಲ ಹಬ್ಬಿದ್ದುದು ವಿಪರ್ಯಾಸ.

ಮುಂದಿನ ಹಂತಗಳನ್ನು ಸಂಗ್ರಹವಾಗಿ ಹೇಳಬಹುದು. ಗುಜರಾತಿನ ಪ್ರಕರಣವೊಂದರಲ್ಲಿ 1983ರಲ್ಲಿ, ಪಂಜಾಬಿನ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೊಂದವಳು ಅಪರಾಧದ ಸಹಭಾಗಿಯಲ್ಲ, ಅವಳ ಸಾಕ್ಷ್ಯಕ್ಕೆ ನಿಯಮದಂತೆ ಬೇರೊಬ್ಬರ ಸಮರ್ಥನೆ ಬೇಡ ಎಂದಿತು. ಅವಳ ಶೀಲವನ್ನು ಪ್ರಶ್ನಿಸಿ ಸಾಕ್ಷ್ಯವನ್ನು ಅಲ್ಲಗಳೆಯಲು ಅವಕಾಶ ಕೊಡುತ್ತಿದ್ದ 155(4)ನೆಯ ಪ್ರಕರಣವನ್ನು 2002ರ ತಿದ್ದುಪಡಿ ಕಿತ್ತುಹಾಕಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬುದೊಂದರಿಂದಲೇ ಸಮ್ಮತಿಯನ್ನು ಊಹಿಸಬಾರದೆಂಬ ಮಾತು 2013ರಲ್ಲಿ ಕಾನೂನಿನ ಪಠ್ಯದಲ್ಲಿಯೇ ಸೇರಿತು. ನಾಗಪುರ ಪೀಠ 1976ರಲ್ಲಿ ಕಂಡ ಭೇದವು ಶಾಸನವಾಗಲು 37 ವರ್ಷಗಳು ಹಿಡಿದವು.

ಕಾನೂನು ಬದಲಾದರೂ ನಿರೀಕ್ಷೆಗಳು ಕೂಡಲೇ ಬದಲಾಗುವುದಿಲ್ಲ. 2020ರ ಜೂನ್ ತಿಂಗಳಲ್ಲಿ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ದಣಿದು ನಿದ್ರಿಸಿದೆನೆಂಬ ದೂರುದಾರಳ ವಿವರಣೆ ಭಾರತೀಯ ಮಹಿಳೆಗೆ ತಕ್ಕುದಲ್ಲ ಎಂಬ ಅಭಿಪ್ರಾಯ ವ್ಯಕ್ತವಾಯಿತು. ವ್ಯಾಪಕ ಆಕ್ಷೇಪ ಬಂದ ಮೇಲೆ ಆ ಸಾಲುಗಳನ್ನು ಆದೇಶದಿಂದ ತೆಗೆಯಲಾಯಿತು. ಜಾಮೀನು ಕೊಡುವುದು ಬಿಡುವುದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಆದರೆ ನೊಂದವರು ಹೇಗೆ ವರ್ತಿಸಬೇಕೆಂಬ ಸಿದ್ಧ ಚಿತ್ರವೊಂದು ಸಾಕ್ಷ್ಯದ ಸ್ಥಾನವನ್ನು ಪಡೆದದ್ದು ಇಲ್ಲಿಯ ಸಮಸ್ಯೆ. 2021ರಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಸಿದ್ಧ ಚಿತ್ರಗಳನ್ನು ಆದೇಶಗಳಲ್ಲಿ ಬಳಸಬಾರದೆಂದು ನಿರ್ದೇಶಿಸಿತು.

4. ಬರವಣಿಗೆಯಲ್ಲಿ ಅಡಗಿದ ಸಂಶಯ

ಮೇಲಿನ ತೀರ್ಪುಗಳ ಚರ್ಚೆ ಇಂಗ್ಲಿಷಿನಲ್ಲಿ ನಡೆದದ್ದು. ಆದರೆ ಕರ್ನಾಟಕದ ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ನೊಂದವರ ನುಡಿ ದಾಖಲಾಗುವುದು ಕನ್ನಡದಲ್ಲಿ. ಆ ಕನ್ನಡದ ರಚನೆಯನ್ನು ಭಾಷಾಧ್ಯಯನದ ದೃಷ್ಟಿಯಿಂದ ಗಮನಿಸುವುದು ಅವಶ್ಯ.

ಮೊದಲ ಹಂತ ದೂರಿನ ಬರವಣಿಗೆ. ಅಕ್ಷರ ಬಾರದವರ ದೂರನ್ನು ಠಾಣೆಯ ಬರಹಗಾರರೋ ಬೇರೊಬ್ಬರೋ ಬರೆಯುತ್ತಾರೆ. ‘ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹಲ್ಲೆ ಮಾಡಿ, ಪ್ರಾಣ ಬೆದರಿಕೆ ಹಾಕಿರುತ್ತಾರೆ, ಸೂಕ್ತ ಕಾನೂನು ಕ್ರಮ ಜರುಗಿಸಬೇಕಾಗಿ ಕೋರಿಕೆ’ ಎಂಬ ಧಾಟಿ ಎಲ್ಲೆಡೆಯೂ ಒಂದೇ. ಯಾವ ಮಾತಿನಿಂದ ಬೈದರು, ಆ ಮಾತು ಏಕೆ ಚುಚ್ಚಿತು ಎಂಬ ವಿವರಗಳು ‘ಅವಾಚ್ಯ’ದಲ್ಲಿಯೋ ‘ಜಾತಿ ನಿಂದನೆ’ಯಲ್ಲಿಯೋ ಕರಗುತ್ತವೆ. ಮುಂದೆ ಇದೇ ಏಕರೂಪತೆಯು ನೊಂದವರಿಗೆ ವಿರುದ್ಧವಾಗಿ ತಿರುಗುತ್ತದೆ. ಎಲ್ಲ ದೂರುಗಳೂ ಒಂದೇ ಅಚ್ಚಿನಲ್ಲಿವೆ, ಆದ್ದರಿಂದ ಇವು ಹೇಳಿಕೊಟ್ಟ ಮಾತುಗಳು ಎಂಬ ವಾದ ಹುಟ್ಟುತ್ತದೆ. ಅಚ್ಚು ದೂರುದಾರರದಲ್ಲ, ಬರೆದವರದು ಎಂಬುದು ಮರೆಯಾಗುತ್ತದೆ.

ಎರಡನೆಯದು ಪೊಲೀಸರು ತನಿಖೆಯಲ್ಲಿ ಪಡೆಯುವ ಹೇಳಿಕೆ. ಇದಕ್ಕೆ ಹೇಳಿದವರ ಸಹಿ ಪಡೆಯುವಂತಿಲ್ಲ. ಆದರೂ ನ್ಯಾಯಾಲಯದಲ್ಲಿ ಅವರು ನುಡಿದದ್ದಕ್ಕೂ ಈ ಬರಹಕ್ಕೂ ವ್ಯತ್ಯಾಸವಿದ್ದರೆ ಅದನ್ನು ತೋರಿಸಿ ಅವರ ಮಾತನ್ನು ಅಲ್ಲಗಳೆಯಬಹುದು. ಆಡುನುಡಿಯಲ್ಲಿ ಹೇಳಿದ್ದು ಬರಹದ ಕನ್ನಡಕ್ಕೆ ರೂಪಾಂತರವಾಗುವಾಗ ಆದ ವ್ಯತ್ಯಾಸವೂ ಕೆಲವೊಮ್ಮೆ ನೊಂದವರ ‘ವಿರೋಧಾಭಾಸ’ವೆಂದು ಎಣಿಕೆಯಾಗುತ್ತದೆ.

ಮೂರನೆಯದು ಅತ್ಯಂತ ಕುತೂಹಲಕರವಾದ ಪಾಟೀಸವಾಲಿನ ದಾಖಲೆ. ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕೆಂಬುದು ನಿಯಮ; ಪ್ರಶ್ನೋತ್ತರ ರೂಪವು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಇದರ ಪರಿಣಾಮವಾಗಿ ವಕೀಲರ ಸೂಚನೆಗಳು ಸಾಕ್ಷಿಯ ಬಾಯಿಯ ಉತ್ತಮ ಪುರುಷ ವಾಕ್ಯಗಳಾಗುತ್ತವೆ: ‘ಆರೋಪಿಯ ಮೇಲಿನ ದ್ವೇಷದಿಂದ ಸುಳ್ಳು ದೂರು ಕೊಟ್ಟಿದ್ದೇನೆ ಎಂದರೆ ಸರಿಯಲ್ಲ. ಪರಿಹಾರದ ಹಣದ ಆಸೆಗಾಗಿ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಹೀಗೆ ಪುಟಗಟ್ಟಲೆ ಸಾಗುವ ದಾಖಲೆಯಲ್ಲಿ ಪ್ರಶ್ನಿಸಿದವರು ಕಾಣೆಯಾಗುತ್ತಾರೆ. ಆರೋಪವೂ ನಿರಾಕರಣೆಯೂ ಒಬ್ಬರದೇ ಮಾತಿನಂತೆ ತೋರುತ್ತವೆ. ವ್ಯಾಕರಣದ ನೆಲೆಯಲ್ಲಿ ನೋಡಿದರೆ, ‘ಎಂದರೆ ಸರಿಯಲ್ಲ’ ಎಂಬ ಚಿಕ್ಕ ಬಾಲವನ್ನು ತೆಗೆದರೆ ಉಳಿಯುವುದು ತಪ್ಪೊಪ್ಪಿಗೆ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ದೋಷವಿಲ್ಲ; ಪಾಟೀಸವಾಲು ಆರೋಪಿಯ ಹಕ್ಕು, ಅದನ್ನು ಮೊಟಕುಗೊಳಿಸಲಾಗದು. ಆದರೆ ತನ್ನದೇ ದಾಖಲೆಯನ್ನು ಓದಿಸಿ ಕೇಳುವ ವ್ಯಕ್ತಿಗೆ ತಾನು ಹೇಳಿದ್ದಕ್ಕಿಂತ ತಾನು ಅಲ್ಲಗಳೆದದ್ದೇ ಹೆಚ್ಚಾಗಿ ಕೇಳಿಸುತ್ತದೆ. ಸಂಶಯವು ಇಲ್ಲಿ ಕೇಳುವವರ ಮನಸ್ಸಿನಿಂದ ಇಳಿದು ಬರಹದ ರೂಪದಲ್ಲಿಯೇ ನೆಲೆಸಿದೆ.

5. ಖುಲಾಸೆಯಾದ ಮಾತ್ರಕ್ಕೆ ಸುಳ್ಳೆ?

ಜನರ ಸಂಶಯವು ಅತಿ ಹೆಚ್ಚು ಆಧರಿಸುವುದು ಖುಲಾಸೆಯಾದ ಪ್ರಕರಣಗಳನ್ನು. ‘ಕೇಸು ಬಿದ್ದುಹೋಯಿತು, ಹಾಗಾದರೆ ಅದು ಸುಳ್ಳು’ ಎಂಬ ತೀರ್ಮಾನ ಬಹು ಸಾಮಾನ್ಯ. ಇಲ್ಲಿ ಎರಡು ವಿಷಯಗಳು ಬೆರೆತಿವೆ. ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ರುಜುವಾತಾಗಲಿಲ್ಲ ಎಂಬುದು ಖುಲಾಸೆಯ ಅರ್ಥ. ದೂರುದಾರರು ಸುಳ್ಳು ಹೇಳಿದರೆಂಬುದು ಬೇರೆಯೇ ತೀರ್ಮಾನ. ಅದಕ್ಕೆ ಅದರದೇ ಸಾಕ್ಷ್ಯ ಬೇಕು. ತನಿಖೆಯ ಹಂತದಲ್ಲಿಯೂ ಹೀಗೆಯೇ. ಸುಳ್ಳು, ತಪ್ಪು ಗ್ರಹಿಕೆ, ಸಾಕ್ಷ್ಯದ ಕೊರತೆ ಮೊದಲಾದ ಬೇರೆಬೇರೆ ಕಾರಣಗಳಿಗೆ ಸಲ್ಲಿಕೆಯಾಗುವ ‘ಬಿ ರಿಪೋರ್ಟ್’ ಊರಿನವರ ಬಾಯಲ್ಲಿ ‘ಸುಳ್ಳು ಕೇಸು’ ಎಂಬ ಒಂದೇ ಅರ್ಥವನ್ನು ತಾಳುತ್ತದೆ.

ಈ ಭೇದವನ್ನು ಕರ್ನಾಟಕದ ಒಂದು ನೋವಿನ ಪ್ರಕರಣ ಎತ್ತಿ ತೋರಿಸುತ್ತದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತವಾಗಿ ಸುಡಲಾಯಿತು. ವಿಚಾರಣೆಯಲ್ಲಿ ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏಳು ಸಾವುಗಳು ಸುಳ್ಳೆಂದು ಯಾರೂ ಹೇಳಲಾರರು. ಆದರೂ ಲೆಕ್ಕದ ಪುಸ್ತಕದಲ್ಲಿ ಇದು ಖುಲಾಸೆಯಾದ ಪ್ರಕರಣಗಳಲ್ಲಿ ಒಂದು. ಖುಲಾಸೆಯ ಪ್ರಮಾಣವನ್ನು ಮುಂದಿಟ್ಟು ದೂರುಗಳೇ ಸುಳ್ಳೆಂದು ವಾದಿಸುವವರ ಎಣಿಕೆಯಲ್ಲಿ ಕಂಬಾಲಪಲ್ಲಿಯೂ ಸೇರಿಹೋಗುತ್ತದೆ.

ಈ ವಾದವು ರಾಷ್ಟ್ರಮಟ್ಟದಲ್ಲಿ ಪರೀಕ್ಷೆಗೆ ಬಂದುದು 2018ರಲ್ಲಿ. ಆ ವರ್ಷದ ಮಾರ್ಚ್ 20ರಂದು ಸುಭಾಷ್ ಕಾಶಿನಾಥ್ ಮಹಾಜನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯಿದೆಯ ದುರ್ಬಳಕೆಯನ್ನು ತಡೆಯಲೆಂದು ಬಂಧನಕ್ಕೆ ಪೂರ್ವಾನುಮತಿ, ಪ್ರಾಥಮಿಕ ವಿಚಾರಣೆ ಮುಂತಾದ ಷರತ್ತುಗಳನ್ನು ವಿಧಿಸಿತು. ದೇಶವ್ಯಾಪಿ ಪ್ರತಿಭಟನೆಯ ನಂತರ ಅದೇ ವರ್ಷ ಸಂಸತ್ತು 18ಎ ಪ್ರಕರಣವನ್ನು ಸೇರಿಸಿ ಈ ಷರತ್ತುಗಳನ್ನು ನಿವಾರಿಸಿತು. 2019ರ ಅಕ್ಟೋಬರ್ 1ರ ಪುನರ್ವಿಮರ್ಶೆಯ ತೀರ್ಪಿನಲ್ಲಿ ನ್ಯಾಯಾಲಯವೇ ತನ್ನ ಹಿಂದಿನ ನಿರ್ದೇಶನಗಳನ್ನು ಹಿಂತೆಗೆದುಕೊಂಡಿತು. ಒಂದು ಸಮುದಾಯದವರೆಂಬ ಕಾರಣಕ್ಕೆ ಅವರು ಕಾನೂನನ್ನು ದುರ್ಬಳಕೆ ಮಾಡುವರೆಂದು ಭಾವಿಸುವುದು ಮಾನವ ಘನತೆಗೆ ವಿರುದ್ಧವೆಂಬುದು ಅಲ್ಲಿಯ ನಿಲುವು. ಸುಳ್ಳು ದೂರು ಕೊಡುವ ದೋಷ ವ್ಯಕ್ತಿಯದಾಗಬಹುದು, ಜಾತಿಯದಲ್ಲ. ಪರೀಕ್ಷಿಸುವ ಸಂಶಯಕ್ಕೂ ತೀರ್ಮಾನಿಸಿಬಿಟ್ಟ ಸಂಶಯಕ್ಕೂ ಇರುವ ಗೆರೆಯನ್ನು ನ್ಯಾಯಾಲಯ ತನ್ನ ತೀರ್ಪನ್ನೇ ತಿದ್ದಿಕೊಂಡು ಗುರುತಿಸಿದ ಸಂದರ್ಭವಿದು.

6. ಆರೋಪಿಯ ಪಕ್ಷ

ಸುಳ್ಳು ದೂರುಗಳು ಇರುವುದೇ ಇಲ್ಲವೆಂದು ವಾದಿಸುವುದು ಅಪ್ರಾಮಾಣಿಕವಾದೀತು. ಸುಳ್ಳು ಆರೋಪದಿಂದ ಆರೋಪಿಗೂ ಅಷ್ಟೇ ಅವಮಾನ, ಹಾನಿಗಳು ಉಂಟಾಗಬಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2008ರ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದೆ. ಒಬ್ಬರ ಸಾಕ್ಷ್ಯವನ್ನೇ ಆಧರಿಸಿ ಶಿಕ್ಷೆ ವಿಧಿಸಬೇಕಾದರೆ ಆ ಸಾಕ್ಷ್ಯ ಅಪ್ಪಟವಾಗಿರಬೇಕು, ಪಾಟೀಸವಾಲಿನಲ್ಲಿ ಅಲುಗಾಡದೆ ಉಳಿಯಬೇಕು ಎಂಬ ಅಳತೆಗೋಲನ್ನು 2012ರ ರಾಯ್ ಸಂದೀಪ್ ಪ್ರಕರಣ ವಿವರಿಸಿದೆ. ಇವು ಸಾಕ್ಷ್ಯವನ್ನು ಕುರಿತ ಎಚ್ಚರಗಳು. ಯಾವ ಸಮೂಹವನ್ನೂ ಕುರಿತವಲ್ಲ.

ವೈವಾಹಿಕ ಕ್ರೌರ್ಯದ 498ಎ ಪ್ರಕರಣದ ಚರ್ಚೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 2014ರ ಅರ್ನೇಶ್ ಕುಮಾರ್ ತೀರ್ಪಿನ ಭಾಷೆಯಲ್ಲಿ ದೂರುದಾರ ಪತ್ನಿಯರ ಬಗೆಗೆ ಸಾಮಾನ್ಯೀಕರಣವಿದೆ. ಆದರೆ ಅದು ಸೂಚಿಸಿದ ಪರಿಹಾರ ಪೊಲೀಸರ ಮೇಲಿನ ಅಂಕುಶ: ಅವಶ್ಯಕತೆಯನ್ನು ಬರವಣಿಗೆಯಲ್ಲಿ ತೋರಿಸದೆ ಬಂಧಿಸಬಾರದು. ಇದರಿಂದ ದೂರುದಾರಳ ಮಾತಿಗೆ ಕುಂದಿಲ್ಲ, ಆರೋಪಿಯ ಸ್ವಾತಂತ್ರ್ಯಕ್ಕೆ ರಕ್ಷಣೆಯಿದೆ. 2017ರ ರಾಜೇಶ್ ಶರ್ಮಾ ತೀರ್ಪು ಇನ್ನೊಂದು ದಾರಿ ಹಿಡಿದು, ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳ ಮುಂದಿಡಬೇಕೆಂದಿತು. ಇಲ್ಲಿ ಪರೀಕ್ಷೆಗೆ ಮೊದಲೇ ಮತ್ತೊಂದು ಪರೀಕ್ಷೆ ಬಂದಿತು. 2018ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ಸಮಿತಿಗಳಿಗೆ ಕಾನೂನಿನ ಆಧಾರವಿಲ್ಲವೆಂದು ಅವನ್ನು ರದ್ದುಗೊಳಿಸಿತು. ಆರೋಪಿಯ ಹಕ್ಕನ್ನು ಕಾಯಲು ನೊಂದವರನ್ನು ಅನುಮಾನಿಸಲೇಬೇಕೆಂಬುದಿಲ್ಲ. ಅಧಿಕಾರವನ್ನು ನಿಯಂತ್ರಿಸಿಯೂ ಕಾಯಬಹುದು ಎಂಬುದು ಈ ಎರಡು ಮಾದರಿಗಳ ಹೋಲಿಕೆಯಿಂದ ಹೊರಡುವ ಪಾಠ.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ನೊಂದವರ ಮಾತನ್ನು ಕೇಳುವುದೆಂದರೆ ಅದನ್ನು ಕಣ್ಣುಮುಚ್ಚಿ ಒಪ್ಪುವುದಲ್ಲ. ಅದನ್ನು ಪರೀಕ್ಷೆಗೆ ಯೋಗ್ಯವಾದ ಮಾತೆಂದು ಪರಿಗಣಿಸುವುದು. ದುಷ್ಯಂತನೂ ವಿರಾಟನೂ ಪರೀಕ್ಷಿಸಲಿಲ್ಲ. ಸಂಶಯವನ್ನು ಹೇಳಿ ಪರೀಕ್ಷೆಯನ್ನು ತಪ್ಪಿಸಿಕೊಂಡರು. ಗಾಯದ ಗುರುತು, ಕೂಗು, ನಿದ್ರೆ, ತಡ, ಪರಿಹಾರದ ಹಣ ಮುಂತಾದವುಗಳಿಂದ ಒಬ್ಬರ ಮಾತನ್ನು ಅಳೆಯುವಾಗ, ಆ ಅಳತೆಗೋಲು ಘಟನೆಗೆ ಸಂಬಂಧಿಸಿದ್ದೇ ಅಥವಾ ನೊಂದವರೆಂದರೆ ಹೀಗಿರಬೇಕೆಂಬ ಸಿದ್ಧ ಚಿತ್ರಕ್ಕೆ ಸಂಬಂಧಿಸಿದ್ದೇ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಇದರಲ್ಲಿ ಭಾಷೆಯ ಹೊಣೆಯೂ ಇದೆ. ದೂರನ್ನು ಬರೆಯುವವರು ಸಿದ್ಧ ವಾಕ್ಯಗಳ ಬದಲು ಹೇಳಿದವರ ಮಾತುಗಳನ್ನೇ ಬರೆದುಕೊಂಡರೆ, ಪಾಟೀಸವಾಲಿನ ಮುಖ್ಯ ಭಾಗಗಳನ್ನು ಕಾನೂನು ಅವಕಾಶವಿತ್ತಿರುವಂತೆ ಪ್ರಶ್ನೋತ್ತರ ರೂಪದಲ್ಲಿ ದಾಖಲಿಸಿದರೆ, ಪತ್ರಿಕೆಗಳು ‘ಖುಲಾಸೆ’ ಮತ್ತು ‘ಸುಳ್ಳು’ ಎಂಬ ಪದಗಳನ್ನು ಬೇರೆಬೇರೆಯಾಗಿ ಬಳಸಿದರೆ, ಆರೋಪಿಯ ಯಾವ ಹಕ್ಕಿಗೂ ಧಕ್ಕೆಯಾಗದೆ ಸಂಶಯವು ತನ್ನ ಸರಿಯಾದ ಜಾಗಕ್ಕೆ ಮರಳೀತು. ಆಡಳಿತ ಕನ್ನಡದ ಅಧ್ಯಯನವು ಪಾರಿಭಾಷಿಕ ಪದಗಳ ತಯಾರಿಕೆಗೆ ಸೀಮಿತವಾಗದೆ, ಠಾಣೆ ಮತ್ತು ನ್ಯಾಯಾಲಯಗಳ ಕನ್ನಡ ವಾಕ್ಯರಚನೆಯನ್ನೂ ಒಳಗೊಳ್ಳಬೇಕಾದ ಅಗತ್ಯ ಇಲ್ಲಿದೆ. ಒಬ್ಬರು ಆಡಿದ ಮಾತು ಅವರ ಮಾತಾಗಿಯೇ ದಾಖಲೆಯಲ್ಲಿ ಉಳಿದರೆ ಮಾತ್ರ ಅದು ನಿಜವೋ ಸುಳ್ಳೋ ಎಂಬ ಪರೀಕ್ಷೆಗೆ ಅರ್ಥವಿರುತ್ತದೆ.